ಅಜ್ಜನ ಸ್ವರ ನನ್ನ ಗಂಟಲಲ್ಲಿ ಕುಳಿತ ವರ್ಷ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಓದುತ್ತಾ ಹೋದಂತೆ ನಿಮಗೆ ನನ್ನ ಮೇಲೆ ಕನಿಕರ ಹುಟ್ಟುವ ಅಪಾಯ ಉಂಟು. ಸತ್ತುಹೋದ ಅಜ್ಜನ ಸ್ವರವನ್ನು ಅಣಕಿಸಿದವನು ನಾನು. ಅದನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿದವನೂ ನಾನು. ಬೆಳಗ್ಗೆ ಐದಕ್ಕೆ ಎದ್ದು ಸತ್ಯವೇದ ಓದಬೇಕಾಗಿದ್ದವನು ಕಾಲಿನ ಹೆಬ್ಬೆರಳಿನಿಂದ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಕಣ್ಣು ಕಾಣದ ಅಜ್ಜಿಗೆ ಸಂಶಯ ಬರಬಾರದೆಂದು 'ಗಂಟಲು ಸರಿ ಇಲ್ಲ' ಎಂದು ಸುಳ್ಳು ಹೇಳಿದೆ. ಎರಡು ತಿಂಗಳೊಳಗೆ ಆ ಸುಳ್ಳು ನಿಜವಾಯಿತು. ಇಷ್ಟು ಚುರುಕಾಗಿ ನನ್ನ ಬೇರೆ ಯಾವ ಮಾತೂ ನಿಜವಾದದ್ದಿಲ್ಲ.

ಮಣಿಪಾಲದ ಆಸ್ಪತ್ರೆಯ ಗಂಟಲಿನ ವಿಭಾಗದ ಬೆಂಚಿನ ಮೇಲೆ ಈಗಲೂ ಯಾರಾದರೂ ಕುಳಿತಿರುತ್ತಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಆ ಬೆಂಚಿಗೆ ಒಂದು ಕಾಲು ಗಿಡ್ಡ. ನೀವು ನಡುಗಿದರೆ ಅದೂ ನಡುಗುತ್ತದೆ. ನಾನು ಕುಳಿತಿದ್ದಾಗ ಅದು ಇಡೀ ದಿನ ಟಕಟಕ ಎನ್ನುತ್ತಿತ್ತು.

ಎಂಬತ್ತರ ಆಸುಪಾಸಿನ ಮಾತು. ಅಪ್ಪ ಅಮ್ಮ ಇಬ್ಬರೂ ಕುಕ್ಕುಂದೂರಿನ ಕಡೆ ಶಾಲಾ ಮಾಸ್ತರಿಕೆಯಲ್ಲಿದ್ದರು. ನಾನು ಕಾಪುವಿನಲ್ಲಿ, ಅಮ್ಮನ ತಾಯಿಯ ಮನೆಯಲ್ಲಿದ್ದೆ. ಕೆಲಸ ಉಡುಪಿಯ ಒಂದು ಮೈಕ್‌ಸೆಟ್ಟಿನ ಅಂಗಡಿಯಲ್ಲಿ. ಜೀಪಿನ ತಲೆಗೆ ಎರಡು ಹಾರ್ನು ಕಟ್ಟಿ ಕಾರ್ಕಳದಿಂದ ಹೆಜಮಾಡಿಯವರೆಗೆ ತಿರುಗುತ್ತಾ ಇವತ್ತು ಯಾವ ಪಿಕ್ಚರು, ನಾಳೆ ಯಾರ ಭಾಷಣ ಎಂದು ಕೂಗುವುದು. ಜೀಪು ಓಡಿಸುವವ ಹಮೀದ್, ಬ್ಯಾರಿಗಳ ಹುಡುಗ, ನನ್ನದೇ ಪ್ರಾಯ. ನಾನು ಎಲ್ಲರ ಸ್ವರವನ್ನೂ ಮಾಡುತ್ತಿದ್ದೆ. ಬಸ್ಸಿನ ಕಂಡಕ್ಟರ್, ನಮ್ಮ ಸಭೆಯ ಪಾದ್ರಿ ಅಯ್ಯನವರು, ಮೂಗಿನಲ್ಲಿ ಮಾತಾಡುವ ಪೋಸ್ಟ್ ಮಾಸ್ತರರು, ಹಮೀದನ ಹೆಂಡತಿ ಅವನನ್ನು ಕರೆಯುವ ರೀತಿ. ಹಮೀದ್ ಮೊದಲ ಮೂವರಿಗೆ ನಗುತ್ತಿದ್ದ.

ಅಜ್ಜ ಉಪದೇಶಿಯಾಗಿದ್ದವರು. ಎಂದರೆ ಅಯ್ಯನವರಿಗಿಂತ ಕೆಳಗೆ, ನಮಗಿಂತ ತುಂಬಾ ಮೇಲೆ. ಊರೂರು ನಡೆದು ಸತ್ಯವೇದ ಓದಿ ಹೇಳುವ ಕೆಲಸ. ನಿವೃತ್ತರಾದ ಮೇಲೆ ಓದಿ ಹೇಳಲಿಕ್ಕೆ ಅಜ್ಜಿ ಮಾತ್ರ ಉಳಿದರು. ಬೆಳಗ್ಗೆ ಐದಕ್ಕೆ ಚಾವಡಿಯಲ್ಲಿ ಅಜ್ಜ ತಮ್ಮ ಕೈ ಇರುವ ಕುರ್ಚಿಯಲ್ಲಿ, ಅಜ್ಜಿ ಎದುರಿನ ಬೆಂಚಿನಲ್ಲಿ. ಓದು, ಪ್ರಾರ್ಥನೆ, ಆಮೆನ್, ಅದಾದ ಕೂಡಲೇ ಅಜ್ಜಿ ಕೊಡುವ ಒಂದು ಲೋಟ ಬಿಸಿನೀರು. ಮಳೆ, ಜ್ವರ, ಮದುವೆ, ಮರಣ ಯಾವುದಕ್ಕೂ ಇದು ತಪ್ಪಿದ್ದಿಲ್ಲ. ಅಜ್ಜಿಯ ಕಣ್ಣಿನ ನರ ಒಣಗಿ ಪೂರ್ತಿ ಕತ್ತಲಾದ ದಿನವೂ ತಪ್ಪಲಿಲ್ಲ.

ಅಜ್ಜನ ಗಂಟಲಿಗೆ ಆ ರೋಗ ಬಂತು. ಹೆಸರು ನಾವು ಮನೆಯಲ್ಲಿ ಹೇಳುತ್ತಿರಲಿಲ್ಲ, ಇಲ್ಲಿಯೂ ಬೇಡ. ಕೊನೆಯ ಎಂಟು ತಿಂಗಳು ಅವರ ಸ್ವರ ತೆಂಗಿನ ಒಣ ಮಡಲನ್ನು ಸಿಮೆಂಟಿನ ನೆಲದ ಮೇಲೆ ಎಳೆದ ಹಾಗಿತ್ತು. ಆದರೂ ಐದು ಗಂಟೆಗೆ ಓದುತ್ತಿದ್ದರು. ತೀರಿಕೊಳ್ಳುವ ನಾಲ್ಕು ದಿನ ಮೊದಲಿನವರೆಗೂ ಓದಿದರು. ಕೊನೆಗೆ ನನ್ನ ಮಣಿಕಟ್ಟು ಹಿಡಿದು ಹೇಳಿದ್ದು ಇಷ್ಟು: "ಅವಳಿಗೆ ಕಣ್ಣಿಲ್ಲ. ನೀನು ಓದು."

ನಾನು ಆಯ್ತು ಎಂದೆ. ಸಾಯುವವರ ಹತ್ತಿರ ಇಲ್ಲ ಎನ್ನುವ ಸ್ವರ ಮಾತ್ರ ನನಗೆ ಮಾಡಲಿಕ್ಕೆ ಬರುತ್ತಿರಲಿಲ್ಲ.

ಮೊದಲ ಕೆಲವು ತಿಂಗಳು ಆಕಳಿಸುತ್ತಾ ಓದಿದೆ. ಒಂದು ದಿನ, ಯಾಕೆಂದು ನನಗೇ ತಿಳಿಯದು, ತುಂಟತನಕ್ಕೆ ಅಜ್ಜನ ಸ್ವರದಲ್ಲಿ ಓದಿದೆ. ಅವರ ಆರೋಗ್ಯದ ದಿನಗಳ ಗಟ್ಟಿ ಸ್ವರದಲ್ಲಲ್ಲ. ಆ ಕೊನೆಯ ಎಂಟು ತಿಂಗಳ ಸ್ವರದಲ್ಲಿ. ಮಾಡಲಿಕ್ಕೆ ಅದೇ ಸುಲಭ, ಗಂಟಲನ್ನು ಒತ್ತಿ ಹಿಡಿದರೆ ಸಾಕು.

ಅಜ್ಜಿಯ ಕೈ ಮಡಿಲಲ್ಲಿ ಹಾಗೆಯೇ ನಿಂತಿತು. ಬೈಗುಳಕ್ಕೆ ಕಾದೆ. ನಮ್ಮ ಮನೆಯಲ್ಲಿ ಬೈಯಲಿಕ್ಕೆ ತುಳು, ಪ್ರಾರ್ಥನೆಗೆ ಕನ್ನಡ. ಎರಡರಲ್ಲೂ ಏನೂ ಬರಲಿಲ್ಲ. ಓದು ಮುಗಿದ ಮೇಲೆ ಅಜ್ಜಿ ಎದ್ದರು, ಗೋಡೆ ಸವರಿಕೊಂಡು ಅಡುಗೆಮನೆಗೆ ಹೋದರು, ಒಂದು ಲೋಟ ಬಿಸಿನೀರು ತಂದು ಅಜ್ಜನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇಟ್ಟರು. ಅಜ್ಜ ಹೋದ ಮೇಲೆ ಆ ಸ್ಟೂಲಿನ ಮೇಲೆ ಲೋಟ ಬಂದದ್ದು ಅದೇ ಮೊದಲು. ನಾನು ಹತ್ತಿರದ ಮೂಲೆಯಲ್ಲಿ, ಗೋಡೆಗೆ ತಾಗಿದ ಮಣೆಯಲ್ಲಿ ಕುಳಿತಿದ್ದೆ. ಲೋಟ ನನಗಲ್ಲ ಎಂದು ಗೊತ್ತಾಯಿತು. ಆದರೂ ಕುಡಿದೆ. ಮರುದಿನವೂ ಅದೇ ಸ್ವರ ಮಾಡಿದೆ, ಮರುದಿನವೂ ಲೋಟ ಬಂತು.

ಹೀಗೆ ಸುರುವಾದದ್ದು ನಿಲ್ಲಲಿಲ್ಲ. ಟೀ ಅಂಗಡಿಯಲ್ಲಿಯೂ ಗೆಳೆಯರಿಗೆ ಆ ಸ್ವರ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಮೀದ್ ಮಾತ್ರ ಗ್ಲಾಸು ಕೆಳಗಿಟ್ಟು, "ಅದು ಬೇಡ ಮಾರಾಯ, ಆ ಮುದುಕರು ನನಗೆ ದಾರಿಯಲ್ಲಿ ಸಿಕ್ಕಿದರೆ ಪೆಪ್ಪರಮೆಂಟು ಕೊಡುತ್ತಿದ್ದವರು" ಎಂದ.

ಈಸ್ಟರಿಗೆ ಮೊದಲಿನ ನಲವತ್ತು ದಿನ ಅಜ್ಜ ದಿನವೂ ಅವೇ ಮೂರು ಕೀರ್ತನೆಗಳನ್ನು ಓದುತ್ತಿದ್ದರು. ಅದು ಅವರೇ ಮಾಡಿಕೊಂಡ ಕ್ರಮ. ಆ ವರ್ಷ ಅದು ನನ್ನ ಸೋಮಾರಿ ತಲೆಯಲ್ಲಿ ದೀಪ ಹಚ್ಚಿತು. ನಲವತ್ತು ದಿನ ಅದೇ ಓದಾದರೆ ಒಮ್ಮೆ ಓದಿದರೆ ಸಾಲದೇ? ಹಮೀದನ ಅಣ್ಣ ದುಬೈಯಿಂದ ಒಂದು ಟೇಪ್ ರೆಕಾರ್ಡರ್ ತಂದಿದ್ದ. ಅದನ್ನು ಕೇಳಿ ತಂದೆ. ಒಂದು ದಿನ ಅಜ್ಜಿ ಸ್ತ್ರೀಯರ ಕೂಟಕ್ಕೆ ಹೋಗಿದ್ದಾಗ, ಬೆಳಗಿನ ಹನ್ನೊಂದು ಗಂಟೆಗೆ, ಕಿಟಕಿ ಅರ್ಧ ಮುಚ್ಚಿ ಮೂರೂ ಕೀರ್ತನೆಗಳನ್ನು ಅಜ್ಜನ ಸ್ವರದಲ್ಲಿ ತುಂಬಿಸಿದೆ. ನಡುವೆ ಮೀನಿನವಳು ಓಣಿಯಲ್ಲಿ 'ಬಂಗುಡೇ' ಎಂದು ಉದ್ದಕ್ಕೆ ಕೂಗಿಕೊಂಡು ಹೋದಳು. ನಿಲ್ಲಿಸಿ ಪುನಃ ಓದಲಿಕ್ಕೆ ಉದಾಸೀನ, ಹಾಗೆಯೇ ಮುಂದುವರಿಸಿದೆ.

"ಗಂಟಲು ಸರಿ ಇಲ್ಲ ಅಜ್ಜಿ. ಚಾವಡಿಯಲ್ಲಿ ಮಂಜಿನ ಗಾಳಿ ಬರುತ್ತದೆ. ನನ್ನ ಕೋಣೆಯಿಂದಲೇ ಓದ್ತೇನೆ ಆಗದಾ?" ಎಂದು ಕೇಳಿದೆ.

"ಓದುವುದು ಕೇಳಿದರೆ ಆಯ್ತು" ಎಂದರು ಅಜ್ಜಿ.

ಅಂದಿನಿಂದ ಮಂಚದ ಕೆಳಗೆ ಟೇಪು, ಗುಂಡಿಯ ಮೇಲೆ ಹೆಬ್ಬೆರಳು. ಪರದೆಯ ಆಚೆ ಅಜ್ಜಿ, ಈಚೆ ಅಜ್ಜನ ಸ್ವರ, ನಾನು ನಿದ್ದೆಯಲ್ಲಿ. ಏಳು ಗಂಟೆಗೆ ಎದ್ದು ಚಾವಡಿಗೆ ಬಂದರೆ ಸ್ಟೂಲಿನ ಮೇಲೆ ಲೋಟ ಇರುತ್ತಿತ್ತು, ಖಾಲಿ. ಅಜ್ಜಿ ಚೆಲ್ಲಿರಬೇಕು ಎಂದುಕೊಂಡೆ. ನಿದ್ದೆ ಚೆನ್ನಾಗಿ ಬಂದವನು ಲೋಟದ ವಿಚಾರಣೆ ಮಾಡುವುದಿಲ್ಲ.

ಮೂರನೆಯ ವಾರದಲ್ಲಿ ಕಾರ್ಕಳ ಪೇಟೆಯಲ್ಲಿ ಮ್ಯಾಟಿನಿ ಷೋ ಕೂಗುತ್ತಿದ್ದೆವು. ಹಮೀದ್ ಜೀಪು ನಿಲ್ಲಿಸಿದ.

"ಆ ಸ್ವರ ಬಿಡು ಅಂತ ಹೇಳಿದೆ ಅಲ್ವಾ? ಜನ ಪಿಕ್ಚರಿಗೆ ಬರಬೇಕು ಮಾರಾಯ, ಮಯ್ಯತ್ತಿಗಲ್ಲ, ಹೆಣ ನೋಡಲಿಕ್ಕಲ್ಲ."

"ಯಾವ ಸ್ವರ?" ಎಂದೆ.

ಹಾರ್ನಿನಿಂದ ಪೇಟೆಗೆಲ್ಲ ಕೇಳುವಂತೆ ಅಜ್ಜ ಕೇಳಿದರು: ಯಾವ ಸ್ವರ?

ನಾನು ಮೈಕು ಕೆಳಗಿಟ್ಟೆ. ಹಮೀದ್ ನನ್ನ ಮುಖ ನೋಡಿದ. ನಾನು ಮಾಡುತ್ತಿಲ್ಲ ಎಂದು ಅವನಿಗೆ ಅರ್ಥವಾದದ್ದು ಅವನ ಮುಖದಲ್ಲೇ ನನಗೆ ಕಾಣಿಸಿತು. ಕೆಮ್ಮಿದೆ, ಕ್ಯಾಕರಿಸಿದೆ, ನೀರು ಕುಡಿದೆ. ಹತ್ತು ನಿಮಿಷದಲ್ಲಿ ನನ್ನ ಸ್ವರ ಹಿಂದೆ ಬಂತು. ಶುಂಠಿ, ಕಾಳುಮೆಣಸು, ಜೇನು ಎಲ್ಲ ಆಯಿತು. ದಿನಕ್ಕೆ ಹತ್ತು ನಿಮಿಷ ಇದ್ದದ್ದು ಒಂದು ಗಂಟೆ ಆಯಿತು, ಆಮೇಲೆ ಮಧ್ಯಾಹ್ನದವರೆಗೆ. ಅಜ್ಜ ನನ್ನ ಗಂಟಲಿನಲ್ಲಿ ಬಾಡಿಗೆಗೆ ಬಂದವರಂತೆ ಬಂದು ಒಂದೊಂದೇ ಕೋಣೆ ಹಿಡಿದುಕೊಳ್ಳುತ್ತಿದ್ದರು. ಮನೆಯಲ್ಲಿ ಮಾತ್ರ ಯಾವ ತೊಂದರೆಯೂ ಇರಲಿಲ್ಲ. ಐದು ಗಂಟೆಗೆ ಟೇಪು ಸರಿಯಾಗಿ ಓದುತ್ತಿತ್ತು.

ಈಸ್ಟರ್ ದಿನ ನಮ್ಮಲ್ಲಿ ಸೂರ್ಯ ಹುಟ್ಟುವ ಮೊದಲು ಸಮಾಧಿ ಗುಡ್ಡೆಯಲ್ಲಿ ಆರಾಧನೆ. ಎಲ್ಲರೂ ಮೇಣದ ಬತ್ತಿ ಹಿಡಿದು ತಮ್ಮ ತಮ್ಮವರ ಸಮಾಧಿಯ ಹತ್ತಿರ ನಿಲ್ಲುವುದು, ಒಬ್ಬರು ಪುನರುತ್ಥಾನದ ಭಾಗ ಓದುವುದು. ಆ ವರ್ಷ ಅಯ್ಯನವರು ಓದಲಿಕ್ಕೆ ನನ್ನನ್ನು ಹೇಳಿದ್ದರು. ಮೈಕಿನಲ್ಲಿ ಕೂಗುವವ, ದೂರಕ್ಕೆ ಕೇಳುತ್ತದೆ ಎಂದು. ನಾನು ಹಿಂದಿನ ದಿನ ಪೂರ್ತಿ ಮಾತಾಡದೆ ಸ್ವರ ಉಳಿಸಿಟ್ಟಿದ್ದೆ. ಅಜ್ಜನ ಸಮಾಧಿ ನನ್ನಿಂದ ಎರಡು ಮಾರು ದೂರ. ಅಜ್ಜಿ ನನ್ನ ತೋಳು ಹಿಡಿದು ನಿಂತಿದ್ದರು. ಕಡಲ ಬದಿಯ ದೀಪಸ್ತಂಭದ ಬೆಳಕು ಸುತ್ತಿ ಬರುವಾಗ ಶಿಲುಬೆಗಳೆಲ್ಲ ಒಮ್ಮೆ ಎದ್ದು ಮತ್ತೆ ಮಲಗುತ್ತಿದ್ದವು.

ಬಾಯಿ ತೆರೆದೆ. ಅಜ್ಜ ಓದಿದರು.

ಮೊದಲ ಸಾಲಿಗೇ ತಲೆಗಳು ತಿರುಗಿದವು. ತಿರುಗಿದ್ದು ನನ್ನ ಕಡೆಗಲ್ಲ, ಸಮಾಧಿಯ ಕಡೆಗೆ. ಒಂದು ಮಗು ಅಳತೊಡಗಿತು. ಯಾರದೋ ಬತ್ತಿ ಬಿತ್ತು. ನಿಲ್ಲಿಸಿದರೆ ಇನ್ನೂ ಭಯ, ಮುಂದುವರಿಸಿದರೂ ಭಯ. ಓದಿ ಮುಗಿಸಿದೆ. ಅಯ್ಯನವರು ಪ್ರಾರ್ಥನೆ ಮುಗಿದ ಮೇಲೆ ಹತ್ತಿರ ಬಂದು ಹಲ್ಲು ಕಚ್ಚಿಕೊಂಡು, "ಇಲ್ಲಿಯೂ ನಿನ್ನ ನಾಟಕವಾ ಜಯಕರಾ? ನಿನ್ನ ಅಜ್ಜನ ತಲೆದೆಸೆಯಲ್ಲಿ?" ಎಂದರು. ಉತ್ತರ ಕೊಡೋಣವೆಂದರೆ ಬಾಯಿ ಬಿಟ್ಟರೆ ಮತ್ತೆ ಅದೇ ಸ್ವರ. ಎಲ್ಲರನ್ನೂ ಅಣಕಿಸಿದವನು ಒಮ್ಮೆ ಅಣಕಿಸದೆ ಇದ್ದರೆ ನಂಬುವವರು ಯಾರು?

ಅಜ್ಜಿ ಮನೆಯ ಮೆಟ್ಟಿಲಲ್ಲಿ ನಿಂತು ನನ್ನ ಗಂಟಲಿನ ಮೇಲೆ ಕೈಯಿಟ್ಟರು. ಅಜ್ಜನ ಗಂಟಲನ್ನೂ ಹಾಗೆಯೇ ಮುಟ್ಟಿ ನೋಡಿದ್ದರು, ಮೊದಲ ಸಲ.

"ನಾಳೆಯೇ ಮಣಿಪಾಲಕ್ಕೆ ಹೋಗು" ಎಂದರು.

ಹಮೀದ್ ಜೀಪಿನಲ್ಲೇ ಕರಕೊಂಡು ಹೋದ. ಬೆಂಚಿನಲ್ಲಿ ನನ್ನ ಪಕ್ಕ ಹೆಜಮಾಡಿಯ ಒಬ್ಬರು ಕುಳಿತಿದ್ದರು, ದೋಣಿಯಲ್ಲಿ ದುಡಿದವರು. ಅವರ ಕುತ್ತಿಗೆಯ ನಡುವೆ ಒಂದು ತೂತು, ಅದರ ಮೇಲೆ ಒಂದು ಒದ್ದೆ ಬಟ್ಟೆ. ಬೆರಳಿನಿಂದ ತೂತು ಮುಚ್ಚಿದರೆ ಮಾತು ಬರುತ್ತಿತ್ತು. ಅದು ಬಾಯಿಂದ ಬಂದಂತೆ ಇರಲಿಲ್ಲ, ಬಾವಿಯ ಒಳಗಿನಿಂದ ಯಾರೋ ಮೇಲಕ್ಕೆ ಹೇಳಿ ಕಳಿಸಿದ ಹಾಗೆ. ಯಾವ ಸ್ವರ ಕೇಳಿದರೂ ನನ್ನ ನಾಲಗೆ ಒಳಗೊಳಗೇ ಅದನ್ನು ಮಾಡಿ ನೋಡುವುದು ರೂಢಿ. ಆ ದಿನ ನಾಲಗೆ ಅಲುಗಲಿಲ್ಲ.

ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಬೆಂಚಿನ ಟಕಟಕ ನಿಲ್ಲಿಸಿದರು. ತೂತು ಮುಚ್ಚಿ ಹೇಳಿದರು:

"ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದು ಎಳೀತಾರೆ. ಕನ್ನಡಿಯನ್ನು ಒಳಗೆ ಹಾಕ್ತಾರೆ. ವಾಂತಿ ಬಂದ ಹಾಗೆ ಆಗ್ತದೆ. ಮೂಗಿನಲ್ಲಿ ಉಸಿರು ತಗೊ. ಅಷ್ಟೇ. ಹೆದರುವಂಥದ್ದು ಎಂತದ್ದೂ ಇಲ್ಲ."

ನಿಮಗೂ ಅದನ್ನೇ ಹೇಳುತ್ತೇನೆ: ಮೂಗಿನಲ್ಲಿ ಉಸಿರು ತೆಗೆದುಕೊಳ್ಳಿ. ಆ ದಿನ ಪೂರ್ತಿ ನನಗೆ ಕೆಲಸಕ್ಕೆ ಬಂದ ಮಾತು ಅದೊಂದೇ.

ಹಣೆಗೆ ಕನ್ನಡಿ ಕಟ್ಟಿಕೊಂಡ ಡಾಕ್ಟರು ನೋಡಿ ಮುಗಿಸಿ, "ಮನೆಯಲ್ಲಿ ಗಂಟಲಿನ ಕಾಯಿಲೆ ಯಾರಿಗಾದರೂ ಇತ್ತಾ?" ಎಂದು ಕೇಳಿದರು.

"ಅಜ್ಜನಿಗೆ" ಎಂದೆ. ಯಾವ ಕಾಯಿಲೆ ಎಂದು ಹಮೀದ್ ಹೇಳಿದ. ಡಾಕ್ಟರ ಪೆನ್ನು ಅರ್ಧ ಅಕ್ಷರದಲ್ಲಿ ನಿಂತಿತು.

"ಈ ಸ್ವರ ಯಾವಾಗಿನಿಂದ ಹೀಗೆ?"

ಮಾಡುವುದು ಯಾವ ದಿನ ನಿಂತಿತು, ಆಗುವುದು ಯಾವ ದಿನ ಸುರುವಾಯಿತು ಎಂದು ಹೇಗೆ ಹೇಳುವುದು? ಎರಡೂ ಒಂದೇ ಸ್ವರ.

ಸ್ವರ ಹೊರಡುವ ಜಾಗದಲ್ಲಿ ಗಂಟು ಇದೆ, ತೆಗೆಯಬೇಕು, ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಬೇಕು, ಅದು ಬಂದ ಮೇಲೆ ಮುಂದಿನ ಮಾತು ಎಂದರು.

ವಾರ್ಡಿಗೆ ಸೇರಿದ ದಿನ ಅಮ್ಮ ಕುಕ್ಕುಂದೂರಿನಿಂದ ಬಂದರು. ನಾನು ನರ್ಸಿನ ಹತ್ತಿರ ಏನೋ ಕೇಳುತ್ತಿದ್ದೆ. ಬಾಗಿಲಿನ ಹೊರಗೆ ಅಮ್ಮನ ಚಪ್ಪಲಿಯ ಶಬ್ದ ಬಂತು, ನಿಂತಿತು. ತುಂಬಾ ಹೊತ್ತು ಬಾಗಿಲಿನ ಸಂದಿಯಲ್ಲಿ ಅಮ್ಮನ ಸೆರಗು ಮಾತ್ರ ಕಾಣುತ್ತಿತ್ತು. ನಾನು "ಅಮ್ಮಾ" ಎಂದು ಕರೆದೆ. ಸೆರಗು ಸರ್ರನೆ ಹಿಂದಕ್ಕೆ ಹೋಯಿತು. ಅಮ್ಮ ಅಜ್ಜನ ಮಗಳಲ್ಲವೇ. ಅವರ ಅಪ್ಪ ಅದೇ ಸ್ವರದಲ್ಲಿ ಅವರನ್ನು ಅಮ್ಮಾ ಎಂದೇ ಕರೆಯುತ್ತಿದ್ದರು. ಆಮೇಲೆ ಒಳಗೆ ಬಂದರು, ಕಿತ್ತಳೆ ಸುಲಿದು ಕೊಟ್ಟರು, ಆದರೆ ನಾನು ಮಾತಾಡುವಾಗ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಮಾತು ಕಡಿಮೆ ಮಾಡಿದೆ. ಹುಟ್ಟಿದ ಮೇಲೆ ಅಮ್ಮನಿಗೆ ನಾನು ಮಾಡಿದ ಮೊದಲ ಉಪಕಾರ ಅದೇ ಇರಬೇಕು.

ಆಪರೇಷನ್ ಆಯಿತು. ಎರಡು ವಾರ ಒಂದು ಅಕ್ಷರ ಕೂಡದು, ಪಿಸುಮಾತೂ ಕೂಡದು ಎಂದು ಡಾಕ್ಟರು ಆಣೆ ಹಾಕಿದಂತೆ ಹೇಳಿದರು. ತುಂಡಿನ ಫಲಿತಾಂಶ ಬರುವುದೂ ಅಷ್ಟರಲ್ಲೇ. ಕುತ್ತಿಗೆಗೆ ಒಂದು ಸ್ಲೇಟು ನೇತುಹಾಕಿಕೊಂಡು ಕಾಪುವಿಗೆ ಬಂದೆ.

ಮೆಟ್ಟಿಲು ಹತ್ತುವಾಗಲೇ ಬುದ್ಧಿ ಬಂದದ್ದು. ನನಗೆ ಮಾತಿಲ್ಲ, ಅಜ್ಜಿಗೆ ಕಣ್ಣಿಲ್ಲ. ಸ್ಲೇಟು ಯಾರಿಗೆ ತೋರಿಸಲಿ?

ಅಜ್ಜಿಯೇ ದಾರಿ ಕಂಡುಹಿಡಿದರು. "ಹೌದಾದರೆ ಒಮ್ಮೆ ತಟ್ಟು, ಅಲ್ಲವಾದರೆ ಎರಡು ಸಲ." ಗೋಡೆಯೋ ಮೇಜೋ ಸಿಕ್ಕಿದ್ದಕ್ಕೆ ತಟ್ಟುವುದು. ಎರಡು ದಿನದಲ್ಲಿ ಅವರಿಗೆ ಅದರಲ್ಲಿ ಬಹಳ ಖುಷಿ ಬಂತು. "ಗಂಜಿ ಬೇಕಾ? ಉಪ್ಪಿನಕಾಯಿ ಬೇಕಾ? ನಾನು ಹೇಳಿದ್ದು ಸರಿಯಲ್ವಾ? ಎದುರು ಮಾತಾಡದ ಮೊಮ್ಮಗ ಎಷ್ಟು ಚಂದ ಅಲ್ವಾ?" ಟಕ್, ಟಕ್, ಟಕ್. ಕೊನೆಯದಕ್ಕೆ ಎರಡು.

ಆದರೆ ಕತ್ತಲಲ್ಲಿ ಆ ಶಬ್ದ ನನಗೆ ಆಗುತ್ತಿರಲಿಲ್ಲ. ಅಜ್ಜಿ ಏನೋ ಕೇಳುತ್ತಾರೆ, ಗೋಡೆ ಉತ್ತರಿಸುತ್ತದೆ. ಉತ್ತರಿಸುವವನು ನಾನೇ ಎಂದು ನನಗೇ ಆಗಾಗ ನೆನಪು ಮಾಡಿಕೊಳ್ಳಬೇಕಾಗುತ್ತಿತ್ತು.

ಆಸ್ಪತ್ರೆಯಿಂದ ಬಂದ ಮೊದಲ ಬೆಳಗ್ಗೆ ಯಾರೋ ಓದುತ್ತಿರುವುದು ಕೇಳಿ ಎಚ್ಚರವಾಯಿತು.

ಅಜ್ಜ ಓದುತ್ತಿದ್ದರು. ಚಾವಡಿಯಲ್ಲಿ. ಕೆಲಸ ಕೆಟ್ಟಿತು, ಟೇಪು ತಾನಾಗಿ ಸುರುವಾಗಿದೆ ಎಂದು ಮಂಚದ ಕೆಳಗೆ ಕೈ ಹಾಕಿದೆ. ನೆಲ ಖಾಲಿ, ತಣ್ಣಗೆ. ಓದು ನಿಲ್ಲಲಿಲ್ಲ. ಆದರೆ ಅದು ನಾನು ತುಂಬಿಸಿದ ಸ್ವರವೂ ಅಲ್ಲ. ಅದಕ್ಕಿಂತ ಆಳ, ಅದಕ್ಕಿಂತ ನಿಧಾನ. ಒಂದೊಂದು ಅಕ್ಷರವನ್ನೂ ಮಣ್ಣಿನಿಂದ ಎಳೆದು ತೆಗೆದ ಹಾಗೆ. ಕೂಗಿಕೊಳ್ಳಲು ಬಾಯಿ ತೆರೆದೆ, ಡಾಕ್ಟರ ಮುಖ ನೆನಪಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿದೆ. ಕೂಗುವುದಕ್ಕೂ ಅನುಮತಿ ಇಲ್ಲದ ಹೆದರಿಕೆ ಎಷ್ಟು ದೊಡ್ಡದೆಂದು ನಿಮಗೆ ಗೊತ್ತಾಗದಿರಲಿ.

ಪರದೆಯವರೆಗೆ ಬಂದೆ. ಚಾವಡಿಯಲ್ಲಿ ದೀಪವಿಲ್ಲ, ಅಜ್ಜಿಗೆ ದೀಪ ಯಾಕೆ? ಓದಿನ ನಡುವೆ, ತುಂಬಾ ದೂರದಿಂದ, ಒಬ್ಬ ಹೆಂಗಸು ಉದ್ದಕ್ಕೆ ನರಳಿದಳು. ಅಷ್ಟು ಉದ್ದದ ನರಳಿಕೆಯನ್ನು ನಾನು ಕೇಳಿರಲಿಲ್ಲ. ಅಜ್ಜ ಅದನ್ನು ಲೆಕ್ಕಿಸದೆ ಓದುತ್ತಲೇ ಹೋದರು. ದೀಪಸ್ತಂಭದ ಬೆಳಕು ಕಿಟಕಿಯಿಂದ ಬಂದು ಗೋಡೆ ಸವರಿ ಹೋಯಿತು. ಬೆಂಚಿನಲ್ಲಿ ಅಜ್ಜಿ, ತಲೆಯ ಮೇಲೆ ಸೆರಗು. ಸ್ಟೂಲಿನ ಮೇಲೆ ನೀರಿನ ಲೋಟ. ಅಜ್ಜನ ಕುರ್ಚಿಯಲ್ಲಿ, ಅಜ್ಜ ಕೂರುವಲ್ಲಿ ಸರಿಯಾಗಿ, ಟೇಪ್ ರೆಕಾರ್ಡರ್.

ಸ್ವರ ಇನ್ನೂ ನಿಧಾನವಾಯಿತು. ಕೊನೆಗೆ ಅದು ಮಾತಾಗಿ ಉಳಿಯಲಿಲ್ಲ, ಬರೇ ಉಸಿರು. ಅಜ್ಜನ ಕೊನೆಯ ಮಧ್ಯಾಹ್ನ ಹೀಗೆಯೇ ಇತ್ತು. ನಿಂತಿತು.

"ಆಮೆನ್" ಎಂದರು ಅಜ್ಜಿ. ತಲೆ ತಿರುಗಿಸದೆ, "ಜಯಾ, ಅಲ್ಲಿ ನಿಂತಿದ್ದೀಯಾ?"

ಬಾಗಿಲಿನ ದಾರಂದಕ್ಕೆ ಒಮ್ಮೆ ತಟ್ಟಿದೆ.

"ಇದರ ಸೆಲ್ ಮುಗಿದಿದೆ. ಹಮೀದ್ ಬಂದರೆ ಹೇಳುವ."

ಅಷ್ಟೇ. ಗೊತ್ತಿತ್ತು ಅವರಿಗೆ. ಯಾವಾಗಿನಿಂದ, ಹೇಗೆ, ಸಿಟ್ಟು ಬಂದಿದೆಯಾ, ಬೇಸರವಾಗಿದೆಯಾ? ಇದೆಲ್ಲ ಕೇಳಲಿಕ್ಕೆ ನನ್ನಲ್ಲಿದ್ದದ್ದು ಒಂದು ಟಕ್, ಅಥವಾ ಎರಡು. ತಟ್ಟಿ ಉತ್ತರ ಕೊಡಬಹುದು, ಪ್ರಶ್ನೆ ಕೇಳಲಾಗುವುದಿಲ್ಲ. ಅಜ್ಜಿ ತಾವಾಗಿ ಇನ್ನೊಂದು ಪ್ರಶ್ನೆ ಕೇಳಿದರು.

"ದಿನಾ ಆ ನೀರು ಕುಡಿಯುತ್ತಿದ್ದದ್ದು ನೀನೇ ಅಲ್ವಾ? ನೀನು ಎದ್ದ ಮೇಲೆ?"

ಟೇಪು ಬಂದ ಮೇಲೆ ನಾನು ಆ ಲೋಟ ಮುಟ್ಟಿರಲಿಲ್ಲ. ಎರಡು ಸಲ ತಟ್ಟಬೇಕಿತ್ತು. ಕೈ ಎತ್ತಿದೆ. ಅಜ್ಜಿಯ ಕುರುಡು ಕಣ್ಣು ನನ್ನ ಕಡೆಗೂ ಅಲ್ಲ, ಕುರ್ಚಿಯ ಕಡೆಗೂ ಅಲ್ಲ, ನಡುವೆ ಎಲ್ಲೋ ಇತ್ತು. ಒಮ್ಮೆ ಮಾತ್ರ ತಟ್ಟಿದೆ. ಬೆಕ್ಕು ಕುಡಿದಿರಬೇಕು ಎಂದು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ.

ಆ ದಿನ ಸ್ಟೂಲಿನ ಲೋಟವನ್ನು ಅಲ್ಲೇ ನಿಂತು ಪೂರ್ತಿ ಕುಡಿದೆ. ಇನ್ನು ಯಾರಿಗೂ ಉಳಿಯಬಾರದೆಂದು.

ಸೆಲ್ ಇಲ್ಲದೆ ಮರುದಿನದಿಂದ ಟೇಪು ಸುಮ್ಮನಾಯಿತು. ಆದರೂ ಐದು ಗಂಟೆಗೆ ನನಗೆ ಎಚ್ಚರವಾಯಿತು. ಭಕ್ತಿಯಿಂದ ಎಂದು ದಯವಿಟ್ಟು ತಿಳಿಯಬೇಡಿ. ಮಲಗಿದಲ್ಲಿ ಆ ಸ್ವರ ಪುನಃ ಕೇಳಿಸಬಾರದು, ಕೇಳಿಸುವುದಾದರೆ ನಾನು ಕಣ್ಣಾರೆ ನೋಡುತ್ತಿರಬೇಕು ಎನ್ನುವ ಹೆದರಿಕೆಯಿಂದ ಎದ್ದೆ. ಚಾವಡಿಗೆ ಹೋಗಿ, ದೀಪ ಹಾಕಿ, ಕುರ್ಚಿಯಿಂದ ಟೇಪನ್ನು ಇಳಿಸಿ, ನಾನು ಕುಳಿತೆ. ಅಜ್ಜನ ಸತ್ಯವೇದವನ್ನು ತೊಡೆಯ ಮೇಲೆ ತೆರೆದೆ. ಓದುವಂತಿಲ್ಲ. ಪುಟ ತಿರುವಿದ ಶಬ್ದಕ್ಕೆ ಅಜ್ಜಿ ತಲೆ ಎತ್ತಿದರು.

"ಎಷ್ಟನೆಯ ಕೀರ್ತನೆ?"

ಬೆರಳಿನಿಂದ ಕುರ್ಚಿಯ ಕೈಯ ಮೇಲೆ ಅಷ್ಟು ಸಲ ತಟ್ಟಿದೆ. ನಾನು ತೆರೆದದ್ದು ಪುಣ್ಯಕ್ಕೆ ನಾಲ್ಕನೆಯದು. ಅಜ್ಜಿ ಕಣ್ಣು ಮುಚ್ಚಿ ಸಣ್ಣ ಸ್ವರದಲ್ಲಿ ಹೇಳತೊಡಗಿದರು. ನಾನು ಸಾಲಿನ ಮೇಲೆ ಬೆರಳಿಟ್ಟುಕೊಂಡು ಹೋದೆ. ಒಂದು ಅಕ್ಷರ ಆಚೆ ಈಚೆ ಆಗಲಿಲ್ಲ. ಮುಗಿಯುವಾಗ ನನಗೆ ಗೊತ್ತಾಯಿತು. ಇವರಿಗೆ ಎಲ್ಲ ಬಾಯಿಪಾಠ. ಇವರಿಗೆ ಓದುವವರು ಬೇಕಾಗಿಯೇ ಇರಲಿಲ್ಲ.

ಹಾಗೆ ಹನ್ನೆರಡು ದಿನ. ಅವರು ಹೇಳುವುದು, ನಾನು ಬೆರಳು ಓಡಿಸುವುದು. ಎರಡು ಸಲ ಮಾತ್ರ ಅವರು ಒಂದು ವಚನ ಬಿಟ್ಟರು, ನಾನು ಎರಡು ಸಲ ತಟ್ಟಿದೆ. "ಓ, ಹೌದು ಹೌದು" ಎಂದು ಹಿಂದೆ ಹೋದರು. ಅಂಚಿನಲ್ಲಿ ಅಜ್ಜ ವರ್ಷ ವರ್ಷ ಓದಿದ ತಾರೀಕುಗಳು, ಪೆನ್ಸಿಲಿನಲ್ಲಿ, ಒಂದರ ಕೆಳಗೆ ಒಂದು. ಕೆಲವು ಕಡೆ ಅಕ್ಷರ ನಡುಗಿದ್ದವು. ಪರೀಕ್ಷೆಗೆ ಹೋದ ಆ ತುಂಡಿನ ಯೋಚನೆ ಬರುವುದು ಆ ನಡುಗಿದ ಅಕ್ಷರಗಳ ಹತ್ತಿರ. ಅಜ್ಜನೂ ಇದೇ ಕುರ್ಚಿಯಲ್ಲಿ ಕುಳಿತು ಅವರ ತುಂಡಿನ ಸುದ್ದಿಗೆ ಕಾದಿರಬೇಕು. ಅವರೂ ಗಟ್ಟಿಯಾಗಿ ಕೇಳದೆ ಇದ್ದದ್ದು ಇದನ್ನೇ ಇರಬೇಕು: ನನಗೆ ಎಂತ ಆಗುತ್ತದೆ ದೇವರೇ? ಪ್ರಾರ್ಥನೆ ಮಾಡಲು ಸ್ವರ ಬೇಡ ಎಂದು ಭಾನುವಾರ ಶಾಲೆಯಲ್ಲಿ ಕಲಿಸಿದ್ದರು. ಆಗ ನಾನು ಕಲಿಸಿದವರ ಸ್ವರವನ್ನು ಮಾತ್ರ ಕಲಿತಿದ್ದೆ.

ಹದಿಮೂರನೆಯ ದಿನ ಹಮೀದನೊಂದಿಗೆ ಮಣಿಪಾಲಕ್ಕೆ ಹೋದೆ. ಬೆಂಚು ಮತ್ತೆ ಟಕಟಕ. ಹಮೀದ್ ನನ್ನ ಪಕ್ಕದಲ್ಲಿ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದ, ಅವನ ಭಾಷೆಯಲ್ಲಿ, ಅವನ ದೇವರ ಹತ್ತಿರ. ಡಾಕ್ಟರು ಕಾಗದ ಓದಿ ತಲೆ ಎತ್ತಿದರು.

"ಅದಲ್ಲ. ನಿಮ್ಮ ಅಜ್ಜನದ್ದು ಅಲ್ಲ. ಗಂಟಲನ್ನು ಒತ್ತಿ ಒತ್ತಿ ನೀವೇ ಮಾಡಿಕೊಂಡ ಗಂಟು." ನಾನು ಅತ್ತೆನೆಂದು ಹಮೀದ್ ಊರಿಗೆಲ್ಲ ಹೇಳಿದ್ದಾನೆ. ಮೊದಲು ಅತ್ತದ್ದು ಅವನು. "ನಾಳೆಯಿಂದ ದಿನಕ್ಕೆ ಐದು ನಿಮಿಷ ಮಾತಾಡಿ. ನಿಮ್ಮ ಸ್ವರದಲ್ಲಿ. ಇನ್ನೊಬ್ಬರ ಸ್ವರ ಇನ್ನು ಮುಂದೆ ಬೇಡವೇ ಬೇಡ" ಎಂದರು ಡಾಕ್ಟರು.

ಅಲ್ಲೇ ಮಾತಾಡಿ ನೋಡುವ ಧೈರ್ಯ ಇರಲಿಲ್ಲ. ಬಾಯಿ ತೆರೆದರೆ ಯಾರು ಬರುತ್ತಾರೋ. ಮನೆಗೆ ಬಂದು ಅಜ್ಜಿಯ ಪಕ್ಕ ಕುಳಿತೆ. "ಆ ರೋಗವಾ?" ಎಂದು ಕೇಳಿದರು. ಎರಡು ಸಲ ತಟ್ಟಿದೆ. ಅಜ್ಜಿ ನನ್ನ ಕೈ ಹಿಡಿದು ಅದೇ ಗೆಣ್ಣಿನಿಂದ ಬೆಂಚಿಗೆ ಇನ್ನೂ ಎರಡು ಸಲ ತಟ್ಟಿಸಿದರು. ಸರಿಯಾಗಿ ಕೇಳಿಸಿತೋ ಎಂದು ಖಚಿತ ಮಾಡಿಕೊಳ್ಳಲಿಕ್ಕೆ.

ಹಮೀದ್ ಹೋಗುವಾಗ ನಾಲ್ಕು ಹೊಸ ಸೆಲ್ ಮೇಜಿನ ಮೇಲೆ ಇಟ್ಟು, "ಅಜ್ಜಿಗೆ ಬೇಕಂತೆ" ಎಂದ.

ಮರುದಿನ ಐದು ಗಂಟೆ. ಕುರ್ಚಿಯಲ್ಲಿ ನಾನು, ಬೆಂಚಿನಲ್ಲಿ ಅಜ್ಜಿ, ಸ್ಟೂಲಿನ ಮೇಲೆ ಟೇಪು, ಪಕ್ಕದಲ್ಲಿ ಸೆಲ್ಲು. 'ಅಜ್ಜಿ' ಎಂದೆ.

ಅಜ್ಜ ಬರಲಿಲ್ಲ. ನಾನೂ ಬರಲಿಲ್ಲ. ಬಂದದ್ದು ಒಡೆದ ಕೊಳವೆಯಿಂದ ಗಾಳಿ ಹೋದಂತಹ ಒಂದು ಸ್ವರ, ಅರ್ಧ ಶಬ್ದದಲ್ಲಿ ಹಾರಿಹೋಗುವಂಥದ್ದು. ಯಾರದ್ದೂ ಅಲ್ಲ. ಆ ಬಿರುಕು ಇಂದಿಗೂ ಪೂರ್ತಿ ಮುಚ್ಚಿಲ್ಲ. ನಾನು ಈಗ ಯಾರನ್ನೂ ಅಣಕಿಸಲಾರೆ. ಅಂಗಡಿಯಲ್ಲಿ ಮೈಕು ಕೂಗುವುದು ಬಿಟ್ಟು ಮೈಕು ರಿಪೇರಿ ಮಾಡುತ್ತೇನೆ. ಪೋಸ್ಟ್ ಮಾಸ್ತರರಿಗೆ ಇದರಿಂದ ಆದ ಸಂತೋಷ ಮುಚ್ಚಿಡಲಾಗದಷ್ಟು.

ಐದು ನಿಮಿಷದಲ್ಲಿ ಎರಡು ನಿಮಿಷ ತಪ್ಪೊಪ್ಪಿಗೆಗೆ ಹೋಯಿತು. ಅದು ಅಜ್ಜ ಅಲ್ಲ, ನಾನು. ನಿದ್ದೆಗೋಸ್ಕರ ಮಾಡಿದ್ದು. ಗಂಟಲು ನೋವು ಎಂದದ್ದೂ ಸುಳ್ಳು. ಅಜ್ಜಿ ಕೇಳುತ್ತಾ ಕುಳಿತಿದ್ದರು. ಆಮೇಲೆ ನನ್ನ ಒಳಗೆ ಇದ್ದ ಕೊನೆಯ ಹೆದರಿಕೆ ಹೊರಗೆ ಬಂತು.

"ನಿಮಗೆ ಎಲ್ಲ ಬಾಯಿಪಾಠ ಉಂಟು ಅಜ್ಜಿ. ಈ ಒಡಕು ಸ್ವರದಲ್ಲಿ ನಾನು ಓದುವುದು ಎಂತಕ್ಕೆ? ಟೇಪಿನಲ್ಲಾದರೆ ಅಜ್ಜನ ಸ್ವರವಾದರೂ ಉಂಟು. ಸೆಲ್ ಹಾಕಿ ಕೊಡುತ್ತೇನೆ. ನಿಮಗೆ ಅದೇ ಬೇಕಾದದ್ದಲ್ವಾ?"

ಅಜ್ಜಿ ಕೈ ಚಾಚಿ ನಾಲ್ಕೂ ಸೆಲ್‌ಗಳನ್ನು ಒಂದೊಂದಾಗಿ ಹುಡುಕಿ ತೆಗೆದು ತಮ್ಮ ಸೆರಗಿನ ತುದಿಯಲ್ಲಿ ಗಂಟು ಹಾಕಿದರು.

"ನಿನ್ನ ಅಜ್ಜ ನಲವತ್ತೆಂಟು ವರ್ಷ ನನಗೆ ಓದಿ ಹೇಳಿದರು. ಒಂದು ದಿವಸವೂ ಬೆಳಗ್ಗೆ ಐದು ಗಂಟೆಗೆ ಕೀರ್ತನೆಯ ನಡುವೆ ಬಂಗುಡೆ ಮಾರಲಿಲ್ಲ. ಎದ್ದಿದ್ದಿ ಅಲ್ವಾ? ಹಾಗಾದರೆ ಓದು."